ನಮ್ಮ ಗ್ರಿಲ್ಲಿಗೆ ಕಟ್ಟಿದ ಹಗ್ಗ

"ಕಹಾಂ ಉತರ್ನಾ ಹೈ?"

ಮುಂಬೈ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಹತ್ತಿದ ಕೂಡಲೇ ಕೇಳಬೇಕಾದ ಪ್ರಶ್ನೆ ಇದು. ಕೂತವರಲ್ಲಿ ಯಾರು ಮೊದಲು ಇಳಿಯುತ್ತಾರೋ ಅವರ ಸೀಟನ್ನು ಬಾಯಲ್ಲೇ ಬುಕ್ ಮಾಡಿ, ಅವರ ಮುಂದೆ ನಿಂತುಕೊಳ್ಳಬೇಕು. ಕಿಟಕಿ ಪಕ್ಕದ ಹೆಂಗಸು "ದಾದರ್" ಅಂದಳು. ನಾನು ನಿಂತೆ. ದಾದರ್ ಬಂತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಭುಜ ತಟ್ಟಿದೆ. "ಆಜ್ ಭಾಯಖಳಾ ಜಾನಾ ಹೈ" ಅಂದು ಮತ್ತೆ ಕಣ್ಣು ಮುಚ್ಚಿದಳು. ಹಾಗಿದ್ದರೆ ದಾದರ್ ಅಂತ ಯಾಕೆ ಹೇಳಿದ್ದು? ಕೇಳಲಿಲ್ಲ. ಕೇಳಿದರೆ ಇಡೀ ಡಬ್ಬಿ ಎರಡು ಪಾರ್ಟಿಯಾಗುತ್ತದೆ.

ಅವತ್ತು 2025ರ ಮೇ 26, ಸೋಮವಾರ. ಜೂನ್ 11ರ ಸುಮಾರಿಗೆ ಬರಬೇಕಾದ ಮುಂಗಾರು ಅವತ್ತೇ ಮುಂಬೈಗೆ ಬಂದಿತ್ತು. ದಾಖಲೆಯಲ್ಲೇ ಇಷ್ಟು ಬೇಗ ಬಂದದ್ದು ಇದೇ ಮೊದಲಂತೆ. ಕೊಲಾಬಾದಲ್ಲಿ 1918ರ ಮೇ ತಿಂಗಳ ಮಳೆಯ ದಾಖಲೆಯೂ ಮುರಿದು ಬಿತ್ತು. ದಾದರ್ ಬರುವ ಮೊದಲೇ, ಸಯನ್ ದಾಟಿದ ಮೇಲೆ ನಮ್ಮ ಗಾಡಿ ನಿಂತದ್ದು ನಿಂತೇ ಇತ್ತು. ಆಗಲೇ ಎಲ್ಲರ ಫೋನಿಗೆ ವರ್ಲಿಯ ವಿಡಿಯೋ ಬರತೊಡಗಿತು. ಅದೇ ತಿಂಗಳು ಶುರುವಾಗಿದ್ದ ನೆಲದಡಿಯ ಮೆಟ್ರೋ ಸ್ಟೇಷನ್ನಿಗೆ ನೀರು ನುಗ್ಗಿತ್ತು. ಹೊಸ ಗೋಡೆ, ಹೊಸ ಲೈಟು, ಕೆಳಗೆ ಕೆಂಪು ನೀರು. ಅಷ್ಟು ಹೊತ್ತು ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತು "ಸರಕೋ ನಾ" ಅಂತ ಜಗಳವಾಡುತ್ತಿದ್ದವಳು, ಜಗಳ ಬಿಟ್ಟು ಪಕ್ಕದವಳಿಗೆ ಅದನ್ನು ತೋರಿಸಿದಳು. ಇಬ್ಬರೂ ನಕ್ಕರು. ಪಕ್ಕದವಳು ಸ್ವಲ್ಪ ಸರಿದು ಕೂಡ ಕೂತಳು.

ಆಫೀಸಿನಲ್ಲಿ ಅರ್ಧ ಜನ ಇರಲಿಲ್ಲ. ಬಂದವರೂ ಮನೆಗೆ ಹೋಗುವುದು ಹೇಗೆ ಅನ್ನುವ ಚರ್ಚೆಯಲ್ಲೇ ಇದ್ದರು. ಅಷ್ಟರಲ್ಲಿ ಊರಿನ ಫೋನುಗಳು ಶುರು. ಮುಂಬೈಯಲ್ಲಿ ಮಳೆ ಬಿದ್ದರೆ ಕುಂದಾಪುರದಲ್ಲಿ ಟಿವಿ ಹಾಕುತ್ತಾರೆ. ಅತ್ತೆಗೆ ನಾನು ಆಫೀಸಿನಲ್ಲಿದ್ದೇನೆ ಅಂದರೆ ನಂಬಿಕೆಯೇ ಇಲ್ಲ.

"ಟಿವಿಯಲ್ಲಿ ಎಲ್ಲ ಮುಳುಗಿದೆ ಅಂತಾರಲ್ಲ, ನೀನು ಹೇಗೆ ಹೋದೆ ಮಾರಾಯ್ತಿ?"

"ಟ್ರೇನಿನಲ್ಲಿ ಅತ್ತೆ."

"ಟ್ರೇನು ಬಂದ್ ಅಂತ ತೋರಿಸ್ತಾ ಇದ್ದಾರೆ."

ಆಮೇಲೆ ಅತ್ತಿಗೆ, ಆಮೇಲೆ ಚಿಕ್ಕಪ್ಪ, ಆಮೇಲೆ ಮತ್ತೆ ಅತ್ತೆ. ಕಾಳಜಿಯೇ, ಇಲ್ಲ ಅನ್ನೋದಿಲ್ಲ. ಆದರೆ ನಾಲ್ಕನೇ ಸಲ "ಹುಷಾರಾಗಿದ್ದೇನೆ" ಅನ್ನುವಾಗ ದನಿ ಸ್ವಲ್ಪ ಗಟ್ಟಿಯಾಗುತ್ತದೆ.

ಸಂಜೆ ಮನೆ ಮುಟ್ಟುವಾಗ ಗೇಟಿನೊಳಗೆ ಪಾದ ಮುಳುಗುವಷ್ಟು ನೀರು. ಮಳೆನೀರಾದರೆ ಬೇಜಾರಿಲ್ಲ. ಗಲ್ಲಿಯ ಚೇಂಬರ್ ತುಂಬಿ ಗಟಾರದ ನೀರು ಒಳಗೆ ಬಂದಿತ್ತು. ನಾಲಾ ಸಫಾಯಿ, ಅಂದರೆ ಚರಂಡಿಯ ಹೂಳು ತೆಗೆಯುವುದು, ಮೇ 31ರೊಳಗೆ ಮುಗಿಸುವುದು ಇಲ್ಲಿಯ ರೂಢಿ. ಮಳೆಗೆ ಆ ತಾರೀಕು ಯಾರೂ ಹೇಳಿರಲಿಲ್ಲ. ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಕಾಕಾ ಪ್ಯಾಂಟು ಮಡಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಸಹಾಯವಾಣಿಗೆ ದೂರು ಕೊಟ್ಟಾಗಿತ್ತು, ದೂರಿನ ನಂಬರೂ ಬಂದಿತ್ತು. ಅವತ್ತು ಊರಿಗೆ ಊರೇ ಅಲ್ಲಿಗೆ ಫೋನು ಮಾಡುತ್ತಿತ್ತು. ನಮ್ಮ ಗಲ್ಲಿಯ ಸರದಿ ಯಾವಾಗಲೋ.

"ದಾದಾಗೆ ಹೇಳೋಣ" ಅಂದರು ಕಾಕಾ.

ಈ ದಾದಾನ ಕಥೆ ಸ್ವಲ್ಪ ಹೇಳಬೇಕು. ಹೆಸರು ಬೇಡ. ನಮ್ಮ ಗಲ್ಲಿಯ ಪುಢಾರಿ. ನಮ್ಮ ಗೇಟಿನ ಮೇಲೆ ವರ್ಷವಿಡೀ ಅವನ ಫ್ಲೆಕ್ಸ್ ಇರುತ್ತದೆ. ಗುಡಿ ಪಾಡ್ವಾಕ್ಕೆ ಒಂದು, ಗಣಪತಿಗೆ ಒಂದು, ಹತ್ತನೇ ಕ್ಲಾಸ್ ಪಾಸಾದ ಮಕ್ಕಳಿಗೆ ಒಂದು. ಎಲ್ಲಕ್ಕಿಂತ ದೊಡ್ಡದು ಅವನ ಹುಟ್ಟುಹಬ್ಬದ್ದು. ನಡುವೆ ಅವನು ಕೈ ಮುಗಿದು ನಿಂತಿರುತ್ತಾನೆ, ಬಿಳಿ ಶರ್ಟು, ಕಪ್ಪು ಕನ್ನಡಕ. ಮೇಲ್ಗಡೆ ದೊಡ್ಡ ನಾಯಕರು. ಕೆಳಗೆ ಎರಡು ಸಾಲು ಹುಡುಗರ ಮುಖ, ಪಾಸ್‌ಪೋರ್ಟ್ ಸೈಜು. ಹೆಸರಿನ ಕೆಳಗೆ "ಭಾವೀ ನಗರಸೇವಕ", ಅಂದರೆ ಮುಂದಿನ ಕಾರ್ಪೊರೇಟರ್. ಪಾಪ, ಅವನು ವರ್ಷಗಟ್ಟಲೆ ಭಾವಿಯಾಗಿಯೇ ಉಳಿದಿದ್ದ. ಮುಂಬೈ ಪಾಲಿಕೆಗೆ 2017ರಲ್ಲಿ ಆರಿಸಿ ಬಂದ 227 ಕಾರ್ಪೊರೇಟರುಗಳ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದಿತ್ತು. ಅವತ್ತಿನವರೆಗೂ ಮತ್ತೆ ಚುನಾವಣೆ ಆಗಿರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲ ಇತ್ತು. ಹಳೆಯ ಕಾರ್ಪೊರೇಟರ್ ಆಗ ಮಾಜಿ, ಇವನು ಭಾವೀ. ನಡುವೆ ನಮ್ಮ ಗಟಾರ.

ಫ್ಲೆಕ್ಸಿನ ಒಂದು ಹಗ್ಗ ಗೇಟಿನ ಕಂಬಕ್ಕೆ, ಇನ್ನೊಂದು ನಮ್ಮ ಅಡುಗೆಮನೆ ಗ್ರಿಲ್ಲಿಗೆ. ನಮ್ಮದು ಮೊದಲ ಮಹಡಿ. ಹುಟ್ಟುಹಬ್ಬದ ಫ್ಲೆಕ್ಸ್ ಬಂದರೆ ಹಗಲಿನಲ್ಲೂ ಲೈಟು ಹಾಕಿಯೇ ಒಗ್ಗರಣೆ ಕೊಡಬೇಕು. ನನಗೆ ಕಾಣುವುದು ಅವನ ಬೆನ್ನು, ಅಂದರೆ ಫ್ಲೆಕ್ಸಿನ ಬಿಳಿ ಹಿಂಬದಿ. ಬಿಸಿಲಿಗೆ ಅದರಲ್ಲಿ ಮುಖಗಳೆಲ್ಲ ಉಲ್ಟಾ ಕಾಣುತ್ತವೆ. ಸೊಸೈಟಿ ಮೀಟಿಂಗಿನಲ್ಲಿ ಈ ವಿಷಯ ಎತ್ತಿದ್ದೆ. ಅನಧಿಕೃತ ಫ್ಲೆಕ್ಸ್ ತೆಗೆಸಬೇಕು ಅಂತ ಬಾಂಬೆ ಹೈಕೋರ್ಟ್ 2017ರಲ್ಲೇ ಹೇಳಿದೆ ಅಂದೆ. 2024ರ ಮೇ 13ರ ಗಾಳಿಗೆ ಘಾಟ್ಕೋಪರಿನಲ್ಲಿ ಪೆಟ್ರೋಲ್ ಬಂಕಿನ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತದ್ದನ್ನೂ ನೆನಪಿಸಿದೆ. 40 ಅಡಿಯ ಮಿತಿ ಇರುವಲ್ಲಿ 120 ಅಡಿಯದ್ದು ನಿಂತಿತ್ತು ಅದು. ನಮ್ಮದು ಬಿದ್ದರೆ ಯಾರೂ ಸಾಯಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಬಿದಿರಿನ ಚೌಕಟ್ಟು, ಕೆಳಗೆ ಮಕ್ಕಳು ಆಡುತ್ತವೆ.

ಎರಡನೇ ಮಹಡಿಯವರು, ನಮ್ಮ ನೆತ್ತಿಯ ಮೇಲಿನ ಮನೆಯವರು, ಸೊಸೈಟಿಯ ಖಜಾಂಚಿ. ಅವರು ನಗುತ್ತಾ, "ಥೋಡಾ ಅಡ್ಜಸ್ಟ್ ಕರೋ ನಾ, ಕಾಮ್ ಪಡತಾ ಹೈ ಉಸ್ ಸೇ" ಅಂದರು. ಅವರ ಕಿಟಕಿಗೆ ಫ್ಲೆಕ್ಸ್ ಮುಟ್ಟುವುದಿಲ್ಲ. ಮಳೆ ಬಂದ ಕೂಡಲೇ ತಮ್ಮ ಗ್ರಿಲ್ಲು, ಹೂಕುಂಡ ಎಲ್ಲ ಸೋಪು ಹಾಕಿ ತೊಳೆದು ನೀರನ್ನು ನಮ್ಮ ಕಿಟಕಿಗೆ ಇಳಿಸುವವರೂ ಇವರೇ. ಕೇಳಿದರೆ "ಬಾರಿಶ್ ಕಾ ಪಾನಿ ಹೈ" ಅಂತಾರೆ. ಮಳೆನೀರಿನಲ್ಲಿ ನೊರೆ ಎಲ್ಲಿಂದ ಬಂತೋ!

ಆದರೆ ಕೆಲಸ ಬೀಳುತ್ತದೆ ಅನ್ನುವುದು ನಿಜ. ಸಿಟ್ಟು ಬರುವುದೂ ಅದಕ್ಕೇ. ಕಾಕಾ ಫೋನು ಮಾಡಿ ಸ್ವಲ್ಪ ಹೊತ್ತಿಗೆ ನಾಲ್ಕು ಹುಡುಗರು ಬಂದರು. ಫ್ಲೆಕ್ಸಿನ ಕೆಳಗಿನ ಸಾಲಿನವರೇ. ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ, ಇನ್ನೊಬ್ಬನ ಕೈಯಲ್ಲಿ ಬಿದಿರಿನ ಸೀಳು. ಚೇಂಬರಿನ ಮುಚ್ಚಳ ಎತ್ತಲು ಇಬ್ಬರು ಬೇಕಾಯಿತು. ಒಬ್ಬ ಮಳೆಯಲ್ಲೇ ಕುಕ್ಕರಗಾಲಲ್ಲಿ ಕೂತು ಬಿದಿರನ್ನು ಒಳಗೆ ತಳ್ಳಿದ, ಎಳೆದ, ಮತ್ತೆ ತಳ್ಳಿದ. ಹಾಲಿನ ಖಾಲಿ ಚೀಲ, ಗುಟ್ಕಾ ಪ್ಯಾಕೆಟ್ಟು, ಥರ್ಮೋಕೋಲ್ ತಟ್ಟೆಯ ತುಂಡುಗಳು ಮೇಲೆ ಬಂದವು. ಆಮೇಲೆ ಒಂದು ಗುಳುಗುಳು ಸದ್ದು, ಗೇಟಿನೊಳಗಿನ ನೀರು ನೋಡನೋಡುತ್ತಿದ್ದಂತೆ ತಿರುಗುತ್ತಾ ಇಳಿಯಿತು. ಗಟಾರದ ಬಾಯಿಗೆ ಬರಿಗೈ ಹಾಕಿದ ಹುಡುಗ ಮೀಸೆ ಮೂಡದವನು. ಒಂದು ಗ್ಲೌಸಾದರೂ ಕೊಡಿಸಬಾರದಾ ಆ ದಾದಾ, ಅಷ್ಟೊಂದು ಫ್ಲೆಕ್ಸಿಗೆ ದುಡ್ಡು ಇರುವವನು?

ನಾಲ್ಕನೆಯ ಹುಡುಗ ಏನೂ ಮಾಡುತ್ತಿರಲಿಲ್ಲ, ವಿಡಿಯೋ ತೆಗೆಯುತ್ತಿದ್ದ. ಕೊನೆಗೆ "ವಹಿನಿ, ಏಕ್ ಫೋಟೋ" ಅಂದ. ವಹಿನಿ ಅಂದರೆ ಮರಾಠಿಯಲ್ಲಿ ಅತ್ತಿಗೆ. ನಾನು ಒದ್ದೆ ಚೂಡಿದಾರಿನಲ್ಲಿ, ಕೊಡೆ ಹಿಡಿದು, ಟಿಫಿನ್ ಚೀಲ ಜೋತುಹಾಕಿಕೊಂಡು ಕಾಕಾನ ಪಕ್ಕ ನಿಂತೆ. ಬೇಡ ಅನ್ನಲು ಮನಸ್ಸು ಬರಲಿಲ್ಲ. ಹುಡುಗರಿಗೆ ಚಹಾ ಮಾಡಿ ಕಳಿಸಿದೆ.

ಮುಂದಿನ ವಾರ ಹೊಸ ಫ್ಲೆಕ್ಸ್ ಬಂತು. "ತ್ವರಿತ ಸೇವೆಗಾಗಿ ದಾದಾಗೆ ಸಮಸ್ತ ನಿವಾಸಿಗಳ ಧನ್ಯವಾದ" ಅಂತ ಮರಾಠಿಯಲ್ಲಿ. ನಡುವೆ ದಾದಾ, ಮೂಲೆಯಲ್ಲಿ ಕಾಕಾ ಮತ್ತು ಕೊಡೆ ಹಿಡಿದ ನಾನು. ನನ್ನ ಧನ್ಯವಾದವನ್ನು ನನ್ನನ್ನೇ ಕೇಳದೆ ಅಚ್ಚು ಹಾಕಿಸಿದ್ದರು. ಇವರು ಆಫೀಸಿನಿಂದ ಬಂದವರೇ ಗೇಟಿನಲ್ಲಿ ನಿಂತು ನೋಡಿ, "ರಾಜಕೀಯಕ್ಕೆ ಇಳಿದಿದ್ದು ನನಗೆ ಹೇಳಲೇ ಇಲ್ವಲ್ಲ" ಅಂದರು.

ಬಿದಿರು ಹಾಕಿದ ಹುಡುಗನೇ ಏಣಿ ಇಟ್ಟು ನಮ್ಮ ಗ್ರಿಲ್ಲಿಗೆ ಹಗ್ಗ ಬಿಗಿಯುತ್ತಿದ್ದ. ಅಡುಗೆಮನೆ ಕಿಟಕಿಯಿಂದ ಕರೆದೆ. ಇಲ್ಲಿ ಕಟ್ಟಿದರೆ ಎದುರಿನ ಮರದ ಕೊಂಬೆ ದಾದಾನ ಮುಖಕ್ಕೆ ಅಡ್ಡ ಬರುತ್ತದೆ ನೋಡಪ್ಪ ಅಂತ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಹೇಳಿದೆ. ಒಂದು ಮಹಡಿ ಮೇಲೆ ಕಟ್ಟು, ಸ್ಟೇಷನ್ ರಸ್ತೆಯಿಂದಲೇ ಕಾಣುತ್ತದೆ. ಹುಡುಗ ಕೆಳಗಿಳಿದು ರಸ್ತೆಯಾಚೆ ಹೋಗಿ ನೋಡಿ ಬಂದ. "ಬರೋಬರ್ ಆಹೇ ವಹಿನಿ" ಅಂದ. ಹಗ್ಗ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಖಜಾಂಚಿಯವರ ಮನೆ ಬೆಲ್ಲು ಕೇಳಿಸಿತು. ದಾದಾನ ಹುಡುಗನಿಗೆ ಅವರು ಇಲ್ಲ ಅನ್ನಲಾರರು ಅಂತ ನನಗೆ ಗೊತ್ತಿತ್ತು.

ಎರಡು ದಿನ ಬಿಟ್ಟು ಸೊಸೈಟಿ ಗ್ರೂಪಿನಲ್ಲಿ ಅವರ ಉದ್ದ ಮೆಸೇಜು. ಬಿಲ್ಡಿಂಗಿನ ಮೇಲೆ ಅನಧಿಕೃತ ಫ್ಲೆಕ್ಸ್ ಕಟ್ಟುವ ಬಗ್ಗೆ ಅರ್ಜೆಂಟಾಗಿ ಮೀಟಿಂಗ್ ಕರೆಯಬೇಕಂತೆ, ಹೈಕೋರ್ಟಿನ ಆದೇಶ ಇದೆಯಂತೆ. ನಾನು ಕೆಳಗೆ ಒಂದು ಹೆಬ್ಬೆರಳು ಒತ್ತಿದೆ.