ಕಾಫಿ ಬೊಡ್ಡೆನ ಬಚ್ಚಲೊಲೆಗೆ ಹಾಕೋ ಮುಂಚೆ

ನಮ್ಮ ಮೂಡಿಗೆರೆ ಕಡೆ ತೋಟದಲ್ಲಿ ಹಳೇ ಗಿಡ ಕಿತ್ತು ಹೊಸದು ಹಾಕುವಾಗ ಬೊಡ್ಡೆ ಎಲ್ಲಾ ಸೀದಾ ಬಚ್ಚಲೊಲೆಗೇ ಹೋಗೋದು, ನಮ್ಮನೇಲೂ ಅಷ್ಟೇ ಆಗ್ತಿತ್ತು. ಒಂದಿನ ಕತ್ತಿ ಹಿಡಿ ಮುರೀತು ಅಂತ ಕೈಗೆ ಸಿಕ್ಕಿದ ರೋಬಸ್ಟಾ ಕಾಫಿ ಬೊಡ್ಡೆ ತುಂಡು ಕೆತ್ತಕ್ಕೆ ಕೂತೆ ನೋಡಿ, ತೊಗಟೆ ಕೆಳಗೆ ಎಂಥಾ ಮರ ಇದೆ ಅಂತ ಆಗ್ಲೇ ಗೊತ್ತಾಗಿದ್ದು. ಸುಣ್ಣದ ಬಿಳಿ ಅಲ್ಲ, ಹಾಲಿನ ಕೆನೆ ಬಣ್ಣ. ಎಳೆ ಎಷ್ಟು ಒತ್ತಾಗಿದೆ ಅಂದ್ರೆ ಉಳಿ ಹರಿತ ಇದ್ರೆ ಅದು ಹೋದ ಜಾಗ ಸ್ಯಾಂಡ್‌ಪೇಪರ್ ಇಲ್ದೇನೆ ಹೊಳಿಯತ್ತೆ. ತೋಟದಲ್ಲಿ ನೆರಳಿಗೆ ಹಾಕೋ ಸಿಲ್ವರ್ ಓಕ್ ಮರದ ಹಲಗೆ ಹಗುರ, ಇದು ಗಟ್ಟಿ, ಕೈಲಿ ಹಿಡಿದ್ರೆ ತೂಕ ಗೊತ್ತಾಗತ್ತೆ.

ಆದ್ರೆ ಒಣಗಿಸೋದೇ ಕಷ್ಟ. ಮೊದಲ ಸಲ ಹನ್ನೆರಡು ತುಂಡು ಕಾಫಿ ಕಣದಲ್ಲೇ ಬಿಸಿಲಿಗೆ ಇಟ್ಟಿದ್ದೆ, ನಾಲ್ಕನೇ ದಿನಕ್ಕೆ ಎಲ್ಲಾ ತಿರುಳಿಂದ ತೊಗಟೆ ತನಕ ಸೀಳಿ ಹೋದ್ವು, ತುಂಬಾ ಹೊಟ್ಟೆ ಉರೀತು. ಮರ ಯಾವತ್ತೂ ತಿರುಳಿನ ಕಡೆಗಿಂತ ಸುತ್ತಳತೆ ಕಡೆ ಜಾಸ್ತಿ ಕುಗ್ಗತ್ತೆ, ದುಂಡು ತುಂಡಿಗೆ ಒಡೆಯದೆ ಬೇರೆ ದಾರಿ ಇಲ್ಲ. ಅದಕ್ಕೆ ಈಗ ಕಡಿದ ದಿನವೇ ತಿರುಳಿನ ಮೇಲೇ ಎರಡು ಹೋಳು ಮಾಡಿ, ತುದಿಗಳನ್ನ ಕರಗಿಸಿದ ಮೇಣದಲ್ಲಿ ಅದ್ದಿ, ಮಧ್ಯೆ ರೀಪು ಕೊಟ್ಟು ಅಟ್ಟದಲ್ಲಿ ಜೋಡಿಸ್ತೀನಿ. ಮಳೆಗಾಲದಲ್ಲಿ ಗಾಳಿ ಆಡದಿದ್ರೆ ಬಿಳೀ ಮರಕ್ಕೆ ಬೂಷ್ಟು ಹಿಡಿದು ಬೂದು ಕಲೆ ಬಿದ್ದುಬಿಡತ್ತೆ, ಆ ಕಲೆ ಉಜ್ಜಿದ್ರೂ ಹೋಗಲ್ಲ. ತಿಂಗಳಿಗೊಂದ್ಸಲ ಅಡುಗೆಮನೆ ತಕ್ಕಡೀಲಿ ತೂಗಿ ಹೋಳಿನ ಮೇಲೇ ಪೆನ್ಸಿಲ್ಲಲ್ಲಿ ಬರೀತೀನಿ, ತೂಕ ಇಳಿಯೋದು ನಿಂತ್ರೆ ಒಣಗಿದೆ ಅಂತ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಬಿಳಿ ಕಾಂಡಕೊರಕ ಹುಳ ಬಿದ್ದ ಅರೇಬಿಕಾ ಗಿಡ ಮಾತ್ರ ಮನೆಗೆ ತರ್ಬೇಡಿ. ಕಾಂಡದ ಮೇಲೆ ಉಬ್ಬಿದ ಗೆರೆ ಇರತ್ತೆ, ಸೀಳಿದ್ರೆ ಸುರಂಗದ ತುಂಬಾ ಹುಳ ಕೊರೆದ ಪುಡಿ ಗಟ್ಟಿಯಾಗಿ ತುಂಬಿರತ್ತೆ. ಏಪ್ರಿಲ್-ಮೇ, ಆಮೇಲೆ ಅಕ್ಟೋಬರಿಂದ ಡಿಸೆಂಬರ್ ಆ ಹುಳ ದುಂಬಿಯಾಗಿ ಹೊರಗೆ ಬರೋ ಟೈಮು, ಅಟ್ಟದಲ್ಲಿಟ್ರೆ ಅಲ್ಲಿಂದಾನೇ ಎದ್ದು ಪಕ್ಕದವ್ರ ತೋಟಕ್ಕೂ ಹೋಗತ್ತೆ. ಅದನ್ನ ತಕ್ಷಣ ಸುಟ್ಟುಬಿಡಬೇಕು, ಎಷ್ಟೇ ಚೆನ್ನಾಗಿ ಕಂಡ್ರೂ.

ದೊಡ್ಡ ಹಲಗೆ ಇದ್ರಲ್ಲಿ ಸಿಗಲ್ಲ, ಟೇಬಲ್ ಆಸೆ ಬೇಡ. ಸೌಟು, ಉಳಿ ಹಿಡಿ, ಊರುಗೋಲು, ಲೇತಲ್ಲಿ ಸಣ್ಣ ಡಬ್ಬಿ, ಇಂಥದ್ದಕ್ಕೆ ಸರಿ. ಅಗಸೆ ಎಣ್ಣೆ ಹಚ್ಚಿದ್ರೆ ಹಳದಿ ತಿರುಗತ್ತೆ, ನಂಗೆ ಆ ಕೆನೆ ಬಣ್ಣನೇ ಬೇಕು, ಹಾಗಾಗಿ ಜೇನುಮೇಣ ಅಷ್ಟೇ ಉಜ್ಜೋದು. ಅಮ್ಮನ ಕಡಗೋಲಿಗೆ ಅದೂ ಹಚ್ಚಿಲ್ಲ, ಬರೀ ಮಜ್ಜಿಗೆ ಕಡೆದೂ ಕಡೆದೂ ತಾನೇ ನುಣ್ಣಗಾಗಿದೆ.