ಜಾರುವ ಡ್ಯಾನ್ಸ್ ಪ್ಯಾಡಿಗೆ ಹಲಗೆ ಮದ್ದು

ಬದಿಯಡ್ಕದ ನಮ್ಮ ಮನೆಯದ್ದು ಹಳೆ ಕಾವಿ ನೆಲ. ಅಮ್ಮ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದಾರೆ. ಅದರ ಮೇಲೆ ಶಾರ್ಜಾದಿಂದ ಭಾವ ತಂದುಕೊಟ್ಟ ಡ್ಯಾನ್ಸ್ ಪ್ಯಾಡ್ ಹಾಸಿದೆವು. ಎರಡನೇ ಹಾಡಿಗೆ ಪ್ಯಾಡ್ ಸೋಫಾದಡಿ, ಮಗಳು ನೆಲದಲ್ಲಿ.

ಪರದೆಯಲ್ಲಿ ಬಾಣ ಬಂದ ಹಾಗೆ ಕಾಲಡಿಯ ಬಾಣ ಮೆಟ್ಟುವ ಆಟ ಇದು. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ಶುರು ಮಾಡಿದಾಗ ಕಾಲಡಿಗೆ ಗಟ್ಟಿ ಲೋಹದ ವೇದಿಕೆ ಇತ್ತು. ನಮಗೆ ಸಿಕ್ಕಿದ್ದು ಮಡಚುವ ಚಾಪೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಪುಕ್ಕಟೆ ಸಿಗುವ ಸ್ಟೆಪ್‌ಮೇನಿಯಾ ಎಂಬ ಸಾಫ್ಟ್‌ವೇರಿನಲ್ಲಿ ಆಡುತ್ತೇವೆ.

ಒಂದು ಬದಿಯ ಹೊಲಿಗೆ ಬಿಚ್ಚಿ ಒಳಗೆ ಇಣುಕಿದೆ. ಎರಡು ಪ್ಲಾಸ್ಟಿಕ್ ಹಾಳೆ, ಅವುಗಳ ಮೇಲೆ ಕರೆಂಟು ಹರಿಯುವ ಕಪ್ಪು ಶಾಯಿಯ ಗೆರೆಗಳು. ನಡುವೆ ದುಂಡಗೆ ತೂತು ಕೊರೆದ ತೆಳು ಸ್ಪಂಜು. ಮೆಟ್ಟಿದಾಗ ತೂತಿನ ಮೂಲಕ ಮೇಲಿನದು ಕೆಳಗಿನದಕ್ಕೆ ತಾಗುತ್ತದೆ, ಅಷ್ಟೇ. ಚಾಪೆ ಸುಕ್ಕಾದರೆ ಪದರಗಳು ಸರಿದು ತೂತು ಇರಬೇಕಾದಲ್ಲಿ ಸ್ಪಂಜು ಬರುತ್ತದೆ. ಆಮೇಲೆ ಎಷ್ಟು ಜೋರಾಗಿ ಮೆಟ್ಟಿದರೂ ಸುಮ್ನೆ. ಮಗಳ ಕಾಲಿನದ್ದು ತಪ್ಪೇ ಅಲ್ಲ!

ಆಚಾರಿ ಕಪಾಟು ಮಾಡಿ ಉಳಿಸಿದ್ದ 12 ಮಿಲಿಮೀಟರ್ ಪ್ಲೈವುಡ್ ಅಟ್ಟದಲ್ಲಿತ್ತು. ಪ್ಯಾಡಿಗಿಂತ ನಾಲ್ಕು ಬೆರಳು ದೊಡ್ಡದಾಗಿ ಕೊಯ್ದು, ಅಂಚು ಉಜ್ಜಿ, ಪ್ಯಾಡನ್ನು ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದೆ. ಹಲಗೆಯಡಿಗೆ ಪಂಕ್ಚರ್ ಅಂಗಡಿಯಿಂದ ತಂದ ಸೈಕಲ್ ಟ್ಯೂಬಿನ ಪಟ್ಟಿಗಳು. ಈಗ ಆನೆ ಕುಣಿದರೂ ಜಾರುವುದಿಲ್ಲ.

ಮೇಲೆ ಡೈನಿಂಗ್ ಟೇಬಲಿಗೆ ಹಾಸುವ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿ, ಅಂಚು ಮಡಚಿ ಹಲಗೆಯ ಹಿಂದೆ ಮೊಳೆ ಹೊಡೆದೆ. ಇಲ್ಲಿ ಎಡವಿದೆ. ತಬಲಕ್ಕೆ ಚರ್ಮ ಬಿಗಿದ ಹಾಗೆ ಎಳೆದುಬಿಟ್ಟಿದ್ದೆ.

"ಅಪ್ಪಾ, ನಾನು ಮೆಟ್ಟಲೇ ಇಲ್ಲ, ಎಡದ್ದು ಅದರಷ್ಟಕ್ಕೇ ಒತ್ತುತ್ತಾ ಉಂಟು!"

ಮೊಳೆ ಕಿತ್ತು ಸಡಿಲ ಮಾಡಿದೆ. ಎರಡು ಬೆರಳಲ್ಲಿ ಚಿವುಟಿದರೆ ಪ್ಲಾಸ್ಟಿಕ್ ಸ್ವಲ್ಪ ಎದ್ದು ಬರಬೇಕು, ಅಷ್ಟು ಸಾಕು. ಮಳೆಗಾಲದಲ್ಲಿ ಬರಿಗಾಲು ಇದಕ್ಕೆ ಅಂಟುತ್ತದೆ. ತೆಳು ಸಾಕ್ಸ್ ಹಾಕಿದರೆ ಆಯಿತು.

ಎಲ್ಲಕ್ಕಿಂತ ಜಾಸ್ತಿ ಉಪಕಾರ ಆದದ್ದು ಮಾತ್ರ ಹರಿದ ಯೋಗ ಮ್ಯಾಟಿನ ತುಂಡಿನಿಂದ. ನಮ್ಮ ಪ್ಯಾಡಿನ ನಡುವಿನ ಚೌಕದಲ್ಲಿ ಬಟನ್ ಇಲ್ಲ, ಹಾಗಾಗಿ ಅಲ್ಲಿ ಏನು ಅಂಟಿಸಿದರೂ ನಡೆಯುತ್ತದೆ. ಕಣ್ಣು ಪರದೆಯ ಮೇಲಿದ್ದರೂ ಹಿಮ್ಮಡಿಗೆ ಆ ಒರಟು ತಾಗಿದರೆ ನಡುವಿಗೆ ಬಂದೆವು ಎಂದು ಗೊತ್ತಾಗುತ್ತದೆ. ಮೊದಲು ಪ್ರತಿ ಹಾಡಿಗೂ ಮೂರ್ನಾಲ್ಕು ಸಲ ತಲೆ ತಗ್ಗಿಸಿ ನೋಡುತ್ತಿದ್ದಳು.

ಟೇಪಿಗೆ 70, ಪ್ಲಾಸ್ಟಿಕ್ಕಿಗೆ 120 ರೂಪಾಯಿ. ಆಟ ಮುಗಿದ ಮೇಲೆ ಹಲಗೆ ಸಮೇತ ಬಾಗಿಲ ಹಿಂದೆ ನಿಲ್ಲಿಸುತ್ತೇವೆ. ಮಡಚಿ ಮಡಚಿ ಒಳಗಿನ ಶಾಯಿ ಗೆರೆ ಬಿರುಕು ಬಿಡುವ ಭಯವೂ ಇಲ್ಲ.

ಒಂದೇ ತಕರಾರು, ಸದ್ದು. ಹಲಗೆ ಥೇಟ್ ಚೆಂಡೆ. ಕೆಳಗೆ ಅಡಿಕೆ ಗೋಣಿ ಹಾಕಿದರೆ ಸದ್ದು ಇಳಿಯುತ್ತದೆ, ಆದರೆ ಮತ್ತೆ ಜಾರಾಟ ಶುರು. ಸದ್ಯಕ್ಕೆ ಎರಡರಿಂದ ನಾಲ್ಕು ಗಂಟೆಯವರೆಗೆ ಅಜ್ಜನ ನಿದ್ದೆ, ಆಮೇಲೆ ಮೊಮ್ಮಗಳ ಕುಣಿತ.