ಒಂದು ವರ್ಷದ ಪಾಸ್‌ಪೋರ್ಟ್

ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಸಿಂಗಪುರ ತೋರಿಸುವುದಾಗಿ ಮಗಳಿಗೆ ಮಾತು ಕೊಟ್ಟಿದ್ದೆ. ಆ ಹೊತ್ತಿಗೆ ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು. ಜೊತೆಗೆ, ಊರಿನ ಹೊಲದ ಬದುವಿನ ವಿಚಾರವಾಗಿ ದಾಯಾದಿಗಳೊಂದಿಗೆ ನಡೆದ ಹೊಡೆದಾಟದಲ್ಲಿ ನಾನು ಎರಡನೇ ಆರೋಪಿಯಾಗಿದ್ದ ಪ್ರಕರಣವು ತಾಲ್ಲೂಕಿನ ನ್ಯಾಯಾಲಯದಲ್ಲಿ ಆರು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿತ್ತು.

ಅರ್ಜಿಯಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ ಎಂಬ ಪ್ರಶ್ನೆ ಬಂದಾಗ, ಅದನ್ನು ತುಂಬುತ್ತಿದ್ದ ಏಜೆಂಟರು "ಇಲ್ಲ ಅಂತ ಹಾಕಿಬಿಡಿ ಸಾರ್, ಸಣ್ಣ ಕೇಸು" ಎಂದರು. ಅವರ ಮಾತು ಕೇಳಲಿಲ್ಲವೆಂಬ ಸಮಾಧಾನ ನನಗೆ ಇಂದಿಗೂ ಇದೆ. ನನ್ನ ಮೇಲಿದ್ದ ಭಾರತೀಯ ದಂಡ ಸಂಹಿತೆಯ 323ನೇ ಕಲಮಿಗೆ ಹೆಚ್ಚೆಂದರೆ ಒಂದು ವರ್ಷದ ಶಿಕ್ಷೆ. ಪಾಸ್‌ಪೋರ್ಟ್ ಪಡೆಯಲು ಗೊತ್ತಿದ್ದೂ ಸುಳ್ಳು ಹೇಳಿದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸವಾಗಬಹುದು. ಹೊಡೆದ ತಪ್ಪಿಗಿಂತ ಮುಚ್ಚಿಟ್ಟ ತಪ್ಪೇ ದೊಡ್ಡದಾಗುತ್ತಿತ್ತು.

ಕೇಸಿದ್ದವರಿಗೆ ಪಾಸ್‌ಪೋರ್ಟೇ ಸಿಗುವುದಿಲ್ಲವೆಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ನ್ಯಾಯಾಲಯದಲ್ಲಿ ಪ್ರಕರಣ ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬೇಕೆಂದು ಅದೇ ಕಾಯ್ದೆಯ 6ನೇ ಕಲಂ ಹೇಳುವುದು ನಿಜವಾದರೂ, ವಿದೇಶಕ್ಕೆ ಹೋಗಲು ಆ ನ್ಯಾಯಾಲಯವೇ ಅನುಮತಿ ಕೊಟ್ಟಿದ್ದರೆ ಪಾಸ್‌ಪೋರ್ಟ್ ನೀಡಬಹುದೆಂದು ಕೇಂದ್ರ ಸರ್ಕಾರ 1993ರ ಆಗಸ್ಟ್‌ನಲ್ಲಿ ಹೊರಡಿಸಿದ ಅಧಿಸೂಚನೆ ದಾರಿ ಮಾಡಿಕೊಟ್ಟಿದೆ.

ನಮ್ಮ ವಕೀಲರು ಪ್ರಯಾಣದ ದಿನಾಂಕ, ಉಳಿಯುವ ವಿಳಾಸ, ಕರೆದಾಗ ಹಾಜರಾಗುವೆನೆಂಬ ಪ್ರಮಾಣಪತ್ರ ಎಲ್ಲವನ್ನೂ ಸೇರಿಸಿ ಅರ್ಜಿ ಹಾಕಿದರು. ನ್ಯಾಯಾಧೀಶರು ಕಾಗದದಿಂದ ಕಣ್ಣೆತ್ತಿ "ಯಾರ ಜೊತೆ ಹೋಗ್ತೀರಿ?" ಎಂದಷ್ಟೇ ಕೇಳಿದರು. "ಹೆಂಡತಿ, ಮಗಳು ಸ್ವಾಮಿ" ಎನ್ನುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಐವತ್ತು ಸಾವಿರ ರೂಪಾಯಿಯ ಮುಚ್ಚಳಿಕೆಯ ಮೇಲೆ ಅನುಮತಿ ಸಿಕ್ಕಿತು.

ಆದರೆ ನಾವು ಒಂದು ವಿಷಯ ಮರೆತಿದ್ದೆವು. ಪಾಸ್‌ಪೋರ್ಟ್ ಎಷ್ಟು ವರ್ಷಕ್ಕೆ ಬೇಕೆಂದು ಅರ್ಜಿಯಲ್ಲಿ ಕೇಳಿರಲಿಲ್ಲ; ಆದೇಶದಲ್ಲಿ ಅವಧಿ ನಮೂದಾಗದಿದ್ದರೆ ಒಂದೇ ವರ್ಷಕ್ಕೆ ಕೊಡಬೇಕೆಂಬುದು ಅಧಿಸೂಚನೆಯ ನಿಯಮ. ಸಿಂಗಪುರ ಪ್ರವೇಶಿಸಲು ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕಾದ್ದರಿಂದ ನನಗೆ ಉಪಯೋಗಕ್ಕೆ ಬಂದದ್ದು ಮೊದಲ ಅರ್ಧ ವರ್ಷ ಮಾತ್ರ. ಇಂಥ ಅರ್ಜಿ ಹಾಕುವವರು ಪ್ರಯಾಣದ ಅನುಮತಿಯ ಜೊತೆಗೇ ಪಾಸ್‌ಪೋರ್ಟಿನ ಅವಧಿಯನ್ನೂ ಸ್ಪಷ್ಟವಾಗಿ ಕೇಳಿಕೊಳ್ಳಬೇಕೆಂದು ಕೈಮುಗಿದು ಹೇಳುತ್ತೇನೆ.

ವೀಸಾದ ಪ್ರಶ್ನೆಗಳನ್ನು ಅಕ್ಷರಶಃ ಓದಬೇಕು. ಸಿಂಗಪುರದ ನಮೂನೆ ಕೇಳಿದ್ದು ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ ಎಂದು. ವಿಚಾರಣೆಯೇ ಮುಗಿಯದ ನಾನು ಧೈರ್ಯವಾಗಿ ಇಲ್ಲವೆಂದೆ. ಅಮೆರಿಕದ ನಮೂನೆಯಾದರೋ ಎಂದಾದರೂ ಬಂಧನಕ್ಕೊಳಗಾಗಿದ್ದಿರಾ ಎಂದೂ ಕೇಳುತ್ತದೆ, ಅಲ್ಲಿ ಉತ್ತರ ಬೇರೆಯಾಗಬೇಕಾಗುತ್ತದೆ.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಆದೇಶದ ದೃಢೀಕೃತ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಿಂತಿದ್ದೆ, ಬೆವರಿಗೆ ಕವರು ಅಂಗೈಗೆ ಅಂಟಿಕೊಂಡಿತ್ತು. ಅಧಿಕಾರಿ ಅದನ್ನು ಕೇಳಲೇ ಇಲ್ಲ, ಮೊಹರು ಒತ್ತಿ ಕಳುಹಿಸಿದರು.

ಹಿಂತಿರುಗಿದ ಮೂರನೆಯ ದಿನ, ಮೊಹರು ಬಿದ್ದ ಪುಟಗಳ ನಕಲನ್ನು ನ್ಯಾಯಾಲಯಕ್ಕೆ ಒಪ್ಪಿಸಿದೆ. ಅಂದೇ ನಮ್ಮ ವಾಯಿದೆಯೂ ಇತ್ತು. ಎದುರು ಪಕ್ಷದ ಬೆಂಚಿನಲ್ಲಿ ಕುಳಿತಿದ್ದ ಚಿಕ್ಕಪ್ಪ ಆರು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನನ್ನು ಮಾತಾಡಿಸಿದರು: "ಮಗು ವಿಮಾನದಲ್ಲಿ ಹೆದರಲಿಲ್ವೇನೋ?"